ವೇರಿಯೆನ್ಸ್ ಲೆಕ್ಕ ಮಾಡುತ್ತಾರೆ, ಕೋಡ್ ಬರೆಯಿರಿ ಅಂದರೆ ಕೈ ಕಟ್ಟಿ ಕೂರುತ್ತಾರೆ. ಏನು ಮಾಡೋಣ?

ಲೆಕ್ಕದ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ಡಿಗ್ರಿ ಕಾಲೇಜಿನಲ್ಲಿ ಸ್ಟ್ಯಾಟಿಸ್ಟಿಕ್ಸ್ ಪಾಠ ಮಾಡುತ್ತೇನೆ, ಬಿಎಸ್ಸಿ ಎರಡನೇ ವರ್ಷಕ್ಕೆ.

ಹೋದ ವಾರ ಲ್ಯಾಬಿನಲ್ಲಿ ನಾಲ್ಕೇ ನಾಲ್ಕು ಸಂಖ್ಯೆ ಕೊಟ್ಟೆ: 4, 7, 13, 16. ವೇರಿಯೆನ್ಸ್, ಅಂದರೆ ಸಂಖ್ಯೆಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನುವ ಅಳತೆ, ತೆಗೆಯಿರಿ ಅಂದೆ. ಎಲ್ಲರೂ ಟೇಬಲ್ ಹಾಕಿದರು. ಸರಾಸರಿ 10. ಅದರಿಂದ ದೂರ −6, −3, 3, 6. ವರ್ಗ ಮಾಡಿ ಕೂಡಿದರೆ 90. ಮೂರರಿಂದ ಭಾಗಿಸಿ 30. ಐದು ನಿಮಿಷದ ಕೆಲಸ. ಆಮೇಲೆ ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ರೆಡಿಮೇಡ್ ಕಮಾಂಡ್ ಹೊಡೆದು ಅದೇ 30 ನೋಡಿ ಖುಷಿಪಟ್ಟರು.

"ಸರಿ, ಈಗ ಆ ಕಮಾಂಡ್ ಇಲ್ಲ ಅಂದುಕೊಳ್ಳಿ. ನೀವೇ ಒಂದು ಫಂಕ್ಷನ್ ಬರೆಯಿರಿ" ಅಂದೆ. ಲ್ಯಾಬಿನಲ್ಲಿ ಫ್ಯಾನ್ ಸದ್ದು ಬಿಟ್ಟರೆ ಬೇರೇನೂ ಇಲ್ಲ.

ಕೊನೆಗೆ ಮೂವರು ಬರೆದರು. ಒಬ್ಬ ಹುಡುಗಿಯದು ಓಡಿತು, ಆದರೆ ಯಾವ ಸಂಖ್ಯೆ ಕೊಟ್ಟರೂ ಉತ್ತರ 0. ನೋಡಿದರೆ, ಮೊದಲು ದೂರಗಳನ್ನು ಕೂಡಿ, ಆಮೇಲೆ ಆ ಮೊತ್ತದ ವರ್ಗ ಮಾಡಿದ್ದಳು. ಸರಾಸರಿಯಿಂದ ದೂರಗಳ ಮೊತ್ತ ಯಾವಾಗಲೂ ಸೊನ್ನೆ ಅಂತ ಹಿಂದಿನ ಸೆಮಿಸ್ಟರ್‌ನಲ್ಲಿ ಇದೇ ಹುಡುಗಿ ಎರಡು ಮಾರ್ಕಿಗೆ ಸಾಧಿಸಿ ತೋರಿಸಿದ್ದಾಳೆ! ಕಣ್ಣೆದುರು ಬಂದಾಗ ಗುರುತು ಸಿಗಲಿಲ್ಲ. "ಸರ್, ಕಂಪ್ಯೂಟರ್ ಸರಿ ಇಲ್ಲ" ಅಂದಳು.

ಇವರಿಗೆ ಬರದೇ ಇರುವುದು ಪ್ರೋಗ್ರಾಮಿಂಗಾ, ಸೂತ್ರವಾ? ನನಗೆ ಎರಡನೆಯದೇ ಅನ್ನಿಸುತ್ತಿದೆ. ನೀವು ಹೇಗೆ ಕಲಿಸುತ್ತೀರಿ ಹೇಳಿ.

ಮೂರನೇ ಬೆಂಚು

ಸರ್, ನಾನು ನಿಮ್ಮ ಸ್ಟೂಡೆಂಟ್ ಅಲ್ಲ. ಆದರೆ ನಿಮ್ಮ ಲ್ಯಾಬಿನಲ್ಲಿ ಕೈ ಕಟ್ಟಿ ಕೂತವರಲ್ಲಿ ನಾನೂ ಇರುತ್ತಿದ್ದೆ.

ನಮ್ಮ ಕಡೆಯಿಂದ ಹೇಳುತ್ತೇನೆ. ಸೂತ್ರದಲ್ಲಿ ಸಿಗ್ಮಾ, ಅದೇ "ಎಲ್ಲ ಕೂಡು" ಅನ್ನುವ ಗುರುತು, ಕಂಡರೆ ನಮಗೆ ಅದು ಒಂದು ಚಿತ್ರ. ಕೆಳಗೆ ಐ ಈಕ್ವಲ್ ಟು 1, ಮೇಲೆ ಎನ್, ಅಂದರೆ ಒಟ್ಟು ಎಷ್ಟು ಸಂಖ್ಯೆ ಇವೆಯೋ ಅದು. ಅದನ್ನು ಯಾರೂ ಓದುವುದಿಲ್ಲ, ಡಿಸೈನ್ ಥರ ಬರೆಯುತ್ತೇವೆ ಅಷ್ಟೇ. ಲೂಪ್, ಅಂದರೆ ಒಂದೇ ಕೆಲಸ ಮತ್ತೆ ಮತ್ತೆ ಮಾಡಿಸುವ ಕೋಡ್, ಬರೆಯುವಾಗ ಮೊದಲ ಸಲ ಗೊತ್ತಾಗಿದ್ದು, ಐ ಅಂದರೆ ಸಂಖ್ಯೆ ಅಲ್ಲ, ಸಂಖ್ಯೆ ಕೂತಿರುವ ಸೀಟ್ ನಂಬರ್ ಅಂತ. ನಾನು ಸೀಟ್ ನಂಬರುಗಳನ್ನೇ ಕೂಡಿ 1+2+3+4 = 10 ಅಂತ ಬರೆದಿದ್ದೆ. ನಿಮ್ಮ ನಾಲ್ಕು ಸಂಖ್ಯೆಗೆ ಸರಾಸರಿಯೂ 10. ಭಾಗಿಸುವುದನ್ನೂ ಮರೆತಿದ್ದರೆ ತಪ್ಪೇ ಗೊತ್ತಾಗುತ್ತಿರಲಿಲ್ಲ 😅

ಇನ್ನೊಂದು. 1ರಿಂದ ಎನ್ ಮೈನಸ್ 1ರ ತನಕ ಅಂತ ಬ್ರ್ಯಾಕೆಟ್ ಇಲ್ಲದೆ ಬರೆದೆ. ಆರ್ ಮೊದಲು 1ರಿಂದ ಎನ್ ತನಕ ಪಟ್ಟಿ ಮಾಡಿತು, ಆಮೇಲೆ ಎಲ್ಲದರಿಂದ ಒಂದೊಂದು ಕಳೆಯಿತು. ನನ್ನ ಲೂಪ್ 0ಯಿಂದ ಶುರುವಾಯಿತು. ಒಂದು ಸಂಜೆ ಪೂರ್ತಿ ಹೋಯಿತು.

ಹಳೇ ಲಾಗ್ ಟೇಬಲ್

ನಾನು ನಿವೃತ್ತ. ಮೂವತ್ತು ವರ್ಷ ಇದೇ ಪಾಠ ಮಾಡಿದವನು. ಕ್ಲಾರ್ಕ್ಸ್ ಟೇಬಲ್ ಎಂಬ ಲಾಗ್ ಪುಸ್ತಕ ಇಟ್ಟುಕೊಂಡು ಕಲಿತೆವು, ಕಲಿಸಿದೆವು. ಕೋಡ್ ಇಲ್ಲದೆಯೂ ಸೂತ್ರ ಅರ್ಥವಾಗುತ್ತಿತ್ತು.

ನನ್ನ ತಕರಾರು ಇಷ್ಟೇ. ಸಂಖ್ಯಾಶಾಸ್ತ್ರದ ತರಗತಿಯನ್ನು ಟೈಪಿಂಗ್ ಕ್ಲಾಸ್ ಮಾಡಬೇಡಿ. ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್ ನಮ್ಮ ಹೂವಿನ ಹಡಗಲಿಯಲ್ಲಿ ಹುಟ್ಟಿದವರು. 1945ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ, ಪಕ್ಷಪಾತವಿಲ್ಲದ ಅಂದಾಜಿನ ವೇರಿಯೆನ್ಸ್ ಎಷ್ಟಕ್ಕಿಂತ ಕೆಳಗೆ ಇಳಿಯದು ಅನ್ನುವ ಮಿತಿ, ಈಗ ಕ್ರಾಮರ್-ರಾವ್ ಬೌಂಡ್ ಅನ್ನುತ್ತೀರಲ್ಲ, ಅದಕ್ಕೆ ಬೇಕಾಗಿದ್ದು ಕಾಗದ, ಪೆನ್ನು, ತಲೆ. ಲಕ್ಷ ಸಲ ಸಿಮ್ಯುಲೇಷನ್, ಅಂದರೆ ಕಂಪ್ಯೂಟರಿನಲ್ಲಿ ಸ್ಯಾಂಪಲ್ ಎತ್ತಿ ಎತ್ತಿ ಪ್ರಯೋಗ, ಮಾಡಿದರೂ "ಇದಕ್ಕಿಂತ ಕಡಿಮೆ ವೇರಿಯೆನ್ಸ್ ಯಾರಿಗೂ ಸಿಗುವುದಿಲ್ಲ" ಎಂದು ಹೇಳಲಾಗದು. ನಿಮಗೆ ಸಿಗಲಿಲ್ಲ ಎಂದಷ್ಟೇ ಹೇಳಬಹುದು.

ಸಂಜೆ ಕಾಲೇಜು ಟೀಚರ್

ಹಿರಿಯರ ಮಾತು ಒಪ್ಪುತ್ತೇನೆ, ಅರ್ಧ. ಮೇಷ್ಟ್ರೇ, ನಿಮ್ಮ ಪ್ರಶ್ನೆಗೆ ನಾನು ಮಾಡುವ ಒಂದು ಕಸರತ್ತು ಹೇಳುತ್ತೇನೆ.

ಮೊದಲ ದಿನ ಕಂಪ್ಯೂಟರ್ ಆನ್ ಮಾಡುವುದಿಲ್ಲ. ಒಬ್ಬ ಹುಡುಗನನ್ನು ಬೋರ್ಡ್ ಹತ್ತಿರ ನಿಲ್ಲಿಸುತ್ತೇನೆ. ಅವತ್ತು ಅವನೇ ಕಂಪ್ಯೂಟರ್. ಹೇಳಿದ್ದು ಬಿಟ್ಟು ಬೇರೆ ಏನೂ ಮಾಡಬಾರದು, ಊಹಿಸಬಾರದು. ಉಳಿದವರು ಕನ್ನಡದಲ್ಲಿ ಆರ್ಡರ್ ಕೊಡಬೇಕು.

"ಸರಾಸರಿ ಕಳಿ" ಅನ್ನುತ್ತಾರೆ. ಅವನು "ಯಾವುದರಿಂದ?" ಅನ್ನುತ್ತಾನೆ. "ಎಲ್ಲದರಿಂದ." "ಎಲ್ಲ ಕೂಡಿದ ಮೊತ್ತದಿಂದಲಾ, ಒಂದೊಂದರಿಂದಲಾ?" ಅಲ್ಲಿಗೆ ಜಗಳ ಶುರು. ಆ ಜಗಳವೇ ನನಗೆ ಬೇಕಾದ ಪಾಠ.

ಹೀಗೆ ಜಗಳ ಆಡಿ ಆಡಿ ಕೊನೆಗೆ ಬೋರ್ಡ್ ಮೇಲೆ ಉಳಿಯುವುದು ಸುಮಾರು ಇಷ್ಟು:

ಸಂಖ್ಯೆಗಳ ಸಾಲು ತಗೋ.
ಎಲ್ಲ ಕೂಡಿ, ಎಷ್ಟಿವೆಯೋ ಅಷ್ಟರಿಂದ ಭಾಗಿಸು. ಇದರ ಹೆಸರು ಸರಾಸರಿ.
ಸಾಲಿನ ಒಂದೊಂದರಿಂದಲೂ ಸರಾಸರಿ ಕಳೆ. ಹೊಸ ಸಾಲು ಬಂತು, ಹೆಸರು ದೂರ.
ದೂರದ ಒಂದೊಂದನ್ನೂ ವರ್ಗ ಮಾಡು.
ಈಗ ಕೂಡು.
ಎಷ್ಟಿವೆಯೋ ಅದಕ್ಕಿಂತ ಒಂದು ಕಡಿಮೆಯಿಂದ ಭಾಗಿಸು.
ಬಂದದ್ದನ್ನು ವಾಪಸ್ ಕೊಡು.

ಇದಾದ ಮೇಲೆ ಆರ್‌ಗೆ ಹಾಕುವುದು ಹತ್ತು ನಿಮಿಷದ ಮಾತು.

ಒಂದು ವಿಷಯ ಗಮನಿಸಿದ್ದೀರಾ? ಸೂತ್ರ ಹೊರಗಿನಿಂದ ಒಳಗೆ ಬರೆದಿರುತ್ತದೆ. ಸಿಗ್ಮಾ ಮೊದಲು ಕಾಣುತ್ತದೆ, ಆದರೆ ಕೂಡುವ ಕೆಲಸ ಬರುವುದು ಕಡೆಗೆ. ಕಳೆಯುವುದು ಎಲ್ಲಕ್ಕಿಂತ ಒಳಗೆ ಕೂತಿರುತ್ತದೆ, ಅದನ್ನೇ ಮೊದಲು ಮಾಡಬೇಕು. "ಸಮ್ ಆಫ್ ಸ್ಕ್ವೇರ್ಸ್ ಆಫ್ ಡೀವಿಯೇಷನ್ಸ್" ಅಂತ ಇಂಗ್ಲಿಷಿನಲ್ಲಿ ಹೇಳಿದರೂ ಹಿಂದುಮುಂದು. ಕನ್ನಡದಲ್ಲಿ ಹೇಳಿ ನೋಡಿ: "ಸರಾಸರಿ ಕಳೆದು, ವರ್ಗ ಮಾಡಿ, ಕೂಡಿ, ಭಾಗಿಸು." ಯಾವ ಕ್ರಮದಲ್ಲಿ ಮಾಡಬೇಕೋ ಅದೇ ಕ್ರಮದಲ್ಲಿ ಮಾತು ಬಂತು. ಆ ಹುಡುಗಿ ಕನ್ನಡದಲ್ಲಿ ಒಂದು ಸಲ ಬಾಯಿಬಿಟ್ಟು ಹೇಳಿದ್ದರೆ ಕೂಡುವುದು ವರ್ಗಕ್ಕಿಂತ ಮುಂಚೆ ಬರುತ್ತಿರಲಿಲ್ಲ.

ಡೇಟಾ ಕೂಲಿ

ಟೀಚರ್, ಇದು ಬಹಳ ಇಷ್ಟವಾಯಿತು. 2021ರಲ್ಲಿ ಬಂದ ಆರ್ 4.1ರಲ್ಲಿ ಪೈಪ್ ಗುರುತು ಸೇರಿಸಿದ್ದಾರೆ. ಎಡಗಡೆ ಬಂದದ್ದನ್ನು ಬಲಗಡೆಯ ಫಂಕ್ಷನ್ನಿಗೆ ದಾಟಿಸುತ್ತದೆ. ಕಳೆದು, ವರ್ಗ ಮಾಡಿ, ಕೂಡಿ ಅಂತ ಸಾಲಾಗಿ ಬರೆಯಬಹುದು. ಹೆಚ್ಚು ಕಡಿಮೆ ನಮ್ಮ "-ಇ", "-ದು" ಇದ್ದ ಹಾಗೇ. ದಿನಾ ಬಳಸುತ್ತೇನೆ, ಒಂದು ದಿನವೂ ಹೊಳೆದಿರಲಿಲ್ಲ.

ಮೇಷ್ಟ್ರೇ, ನಿಮ್ಮ 4, 7, 13, 16 ತಗೊಂಡು ಮಕ್ಕಳಿಗೆ ಇನ್ನೊಂದು ಆಟ ತೋರಿಸಿ. ಆರ್‌ನ ರೆಡಿಮೇಡ್ ಕಮಾಂಡ್ 30 ಕೊಡುತ್ತದೆ. ಇನ್ನೊಂದು ಭಾಷೆ ಪೈಥಾನಿನ ನಂಪೈ ಲೈಬ್ರರಿಯಲ್ಲಿ ಅದೇ ಹೆಸರಿನ ಕಮಾಂಡ್ 22.5 ಕೊಡುತ್ತದೆ. ನಂಪೈ ಸುಮ್ನೆ ಬಿಟ್ಟರೆ ಎನ್‌ನಿಂದ ಭಾಗಿಸುತ್ತದೆ, ಎನ್ ಮೈನಸ್ 1ರಿಂದ ಅಲ್ಲ. ಅದೇ ಪೈಥಾನಿನ ಪಾಂಡಾಸ್ ಲೈಬ್ರರಿ ಮತ್ತೆ 30 ಅನ್ನುತ್ತದೆ. ಮೂರೂ ಸರಿ. ಯಾವ ಪ್ರಶ್ನೆಗೆ ಯಾವ ಉತ್ತರ ಅಂತ ಕೇಳಬೇಕಾದವರು ನಾವು.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಕೋಡನ್ನು ಆರ್‌ನಿಂದ ಪೈಥಾನಿಗೆ ಬದಲಾಯಿಸಿದೆ. ದೊಡ್ಡ ಗುಂಪುಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದರೆ ಕೆಲವು ಗುಂಪಿನಲ್ಲಿ ಇದ್ದದ್ದು ಎರಡೇ ಅಳತೆ. ಅಲ್ಲಿ ವೇರಿಯೆನ್ಸ್ ಸರಿಯಾಗಿ ಅರ್ಧವಾಯಿತು. ಎರಡು ವಾರ ಯಾರಿಗೂ ಗೊತ್ತಾಗಲಿಲ್ಲ. ಬೈಸಿಕೊಂಡೆ.

ಮೂರನೇ ಬೆಂಚು

ಒಂದು ದಡ್ಡ ಪ್ರಶ್ನೆ. ಎನ್ ಮೈನಸ್ 1 ಯಾಕೆ? "ಡಿಗ್ರೀಸ್ ಆಫ್ ಫ್ರೀಡಂ" ಅಂತ ಬರೆದರೆ ಮಾರ್ಕ್ ಕೊಡುತ್ತಾರೆ. ಅದಕ್ಕೇ ಬರೆಯುತ್ತೇನೆ.

ಹಳೇ ಲಾಗ್ ಟೇಬಲ್

ದಡ್ಡ ಪ್ರಶ್ನೆ ಅಲ್ಲ ತಮ್ಮಾ. ಪೆನ್ನು ತಗೋ.

ಇಡೀ ಪ್ರಪಂಚದಲ್ಲಿ ಇರುವುದು 4, 7, 13, 16 ಈ ನಾಲ್ಕೇ ಅಂದುಕೋ. ಆಗ ನಿಜವಾದ ವೇರಿಯೆನ್ಸ್ 90 ಭಾಗಿಸು 4, ಅಂದರೆ 22.5. ಈಗ ಇದರಿಂದ ಎರಡೆರಡು ಚೀಟಿ ಎತ್ತು, ಎತ್ತಿದ್ದನ್ನು ವಾಪಸ್ ಹಾಕಿ ಮತ್ತೆ ಎತ್ತು. ಒಟ್ಟು 16 ಸ್ಯಾಂಪಲ್ ಸಾಧ್ಯ. ಪ್ರತಿಯೊಂದರಲ್ಲೂ ವೇರಿಯೆನ್ಸ್ ತೆಗಿ, ಒಂದು ಸಲ 2ರಿಂದ ಭಾಗಿಸಿ, ಒಂದು ಸಲ 1ರಿಂದ ಭಾಗಿಸಿ. ಹದಿನಾರರ ಸರಾಸರಿ ತೆಗಿ. ಎನ್‌ನಿಂದ ಭಾಗಿಸಿದ್ದರ ಸರಾಸರಿ 11.25 ಬರುತ್ತದೆ. ಎನ್ ಮೈನಸ್ 1ರದ್ದು ಸರಿಯಾಗಿ 22.5.

ಯಾಕೆ ಅಂದರೆ, ಸ್ಯಾಂಪಲ್ ತನ್ನದೇ ಸರಾಸರಿಯಿಂದ ದೂರ ಅಳೆಯುತ್ತದೆ. ಆ ಸರಾಸರಿ ಯಾವಾಗಲೂ ಸ್ಯಾಂಪಲ್‌ನ ಮಗ್ಗುಲಲ್ಲೇ ಕೂತಿರುತ್ತದೆ. 13, 16 ಎತ್ತಿದರೆ ಅದರ ಸರಾಸರಿ 14.5. ನಿಜವಾದ ನಡು 10. ದೂರ ಕಡಿಮೆ ಕಾಣಲೇಬೇಕು. ಆ ಕೊರತೆ ತುಂಬಲು ಒಂದು ಕಡಿಮೆಯಿಂದ ಭಾಗಿಸುತ್ತೇವೆ.

ನೋಡಿ, ಇದಕ್ಕೆ ಕಂಪ್ಯೂಟರ್ ಬೇಕಾಗಲಿಲ್ಲ.

ಸಂಜೆ ಕಾಲೇಜು ಟೀಚರ್

ಸರ್, ಎಷ್ಟು ಚೆನ್ನಾಗಿ ಹೇಳಿದಿರಿ! ಆದರೆ ಒಂದು ಮಾತು. ಎರಡರ ಬದಲು ಐದೈದು ಚೀಟಿ ಎತ್ತಿದರೆ ಸ್ಯಾಂಪಲ್ 1024. ಅಲ್ಲಿ ಪೆನ್ನು ಕೆಳಗಿಡಬೇಕು. ನೀವು ಈಗ ಹೇಳಿದ್ದು ಕೋಡ್ ಅಲ್ಲದೆ ಮತ್ತೇನು? "ಪ್ರತಿಯೊಂದು ಸ್ಯಾಂಪಲ್‌ಗೂ ಹೀಗೆ ಮಾಡು, ಆಮೇಲೆ ಸರಾಸರಿ ತೆಗಿ." ನೀವು ಮೂವತ್ತು ವರ್ಷ ಲೂಪ್ ಬರೆಸಿದ್ದೀರಿ, ಓಡಿಸಿದ್ದು ಮಕ್ಕಳ ಕೈಯಲ್ಲಿ.

ಹಳೇ ಲಾಗ್ ಟೇಬಲ್

😀 ಸಿಕ್ಕಿಹಾಕಿಕೊಂಡೆ.

ಡಬ್ಲಿನ್ ಕನ್ನಡಿಗ

ಕೈಯಲ್ಲಿ ಓಡಿಸಿದ ಲೂಪ್ ಅಂದಿರಲ್ಲ, ನಾನಿರುವ ಊರಿನ ಕಥೆ ನೆನಪಾಯಿತು. ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿ ಗಾಸೆಟ್ ಎಂಬವರು ಕೆಲಸದಲ್ಲಿದ್ದರು. ಬಾರ್ಲಿ, ಹಾಪ್ಸ್ ಪರೀಕ್ಷೆ ಮಾಡಬೇಕು, ಆದರೆ ಸಿಗುವ ಸ್ಯಾಂಪಲ್ ಬಹಳ ಚಿಕ್ಕದು. ಚಿಕ್ಕ ಸ್ಯಾಂಪಲ್‌ಗೆ ಆಗಿನ ಸೂತ್ರ ನಂಬುವ ಹಾಗಿರಲಿಲ್ಲ. 1908ರಲ್ಲಿ "ಸ್ಟೂಡೆಂಟ್" ಎಂಬ ಹೆಸರಿನಲ್ಲಿ ಲೇಖನ ಪ್ರಕಟಿಸಿದರು. ನಾವು ಸ್ಟೂಡೆಂಟ್ಸ್ ಟಿ ಅನ್ನುವುದು ಅದನ್ನೇ.

ಅವರು ಬರೀ ಗಣಿತ ಮಾಡಿ ಬಿಡಲಿಲ್ಲ. 3000 ಕೈದಿಗಳ ಎತ್ತರ ಮತ್ತು ಎಡಗೈ ಮಧ್ಯದ ಬೆರಳಿನ ಉದ್ದದ ಅಳತೆ ಆಗಲೇ ಪ್ರಕಟವಾಗಿತ್ತು. ಅದನ್ನು 3000 ರಟ್ಟಿನ ಚೂರುಗಳ ಮೇಲೆ ಬರೆದು, ಚೆನ್ನಾಗಿ ಕಲಸಿ, ನಾಲ್ಕು ನಾಲ್ಕರಂತೆ ಎತ್ತಿದರು. 750 ಸ್ಯಾಂಪಲ್. ಪ್ರತಿಯೊಂದರ ಲೆಕ್ಕ ಮಾಡಿ ತಮ್ಮ ಸೂತ್ರದ ಜತೆ ಹೋಲಿಸಿದರು. ಕಂಪ್ಯೂಟರ್ ಇಲ್ಲದ ಕಾಲದ ಸಿಮ್ಯುಲೇಷನ್ ಅದು.

ಇವತ್ತು ಇದನ್ನೇ ಮಕ್ಕಳು ಲ್ಯಾಬಿನಲ್ಲಿ ಮಾಡಬಹುದು. ನಾರ್ಮಲ್ ಎಂಬ ಗಂಟೆ ಆಕಾರದ ಹಂಚಿಕೆಯಿಂದ ಐದು ಸಂಖ್ಯೆ ಎತ್ತು. ಆ ಐದರದೇ ವೇರಿಯೆನ್ಸ್ ಮತ್ತು ನಾರ್ಮಲ್ ಟೇಬಲ್‌ನ 1.96 ಬಳಸಿ ಶೇ. 95ರ ಕಾನ್ಫಿಡೆನ್ಸ್ ಇಂಟರ್ವಲ್, ಅಂದರೆ ನೂರಕ್ಕೆ 95 ಸಲ ನಿಜವಾದ ಸರಾಸರಿಯನ್ನು ಹಿಡಿಯಬೇಕಾದ ವ್ಯಾಪ್ತಿ, ಹಾಕು. ನಿಜವಾದ ಸರಾಸರಿ ಅದರೊಳಗೆ ಬಿತ್ತಾ? ಹೌದು ಅಂದರೆ 1, ಇಲ್ಲ ಅಂದರೆ 0. ಹತ್ತು ಸಾವಿರ ಸಲ ಮಾಡಿ ಸರಾಸರಿ ತೆಗಿ. 95 ಬರಲ್ಲ, ಸುಮಾರು 88 ಬರುತ್ತದೆ. 1.96 ತೆಗೆದು ಟಿ ಟೇಬಲ್‌ನ 2.776 ಹಾಕಿದರೆ 95ಕ್ಕೆ ಬಂದು ನಿಲ್ಲುತ್ತದೆ. ಟಿ ಯಾಕೆ ಬೇಕು ಅನ್ನುವುದು ನನಗೆ ಅರ್ಥವಾಗಿದ್ದು ಆ 88 ನೋಡಿದಾಗ. ಅದಕ್ಕೆ ಮುಂಚೆ ಟಿ ಟೇಬಲ್ ಒಂದು ಶಾಸ್ತ್ರ, ಅಷ್ಟೇ.

"ಶೇ. 95ರ ಕಾನ್ಫಿಡೆನ್ಸ್" ಅಂದರೆ ಏನು ಅಂತ ವೈವಾದಲ್ಲಿ ಕೇಳಿದರೆ ಎಲ್ಲರೂ ತಪ್ಪು ಹೇಳುತ್ತಾರೆ. ಈ ಲೂಪ್ ಬರೆದವರು ತಪ್ಪು ಹೇಳುವುದು ಕಷ್ಟ. ಬದಲಾಗುತ್ತಿರುವುದು ಇಂಟರ್ವಲ್, ಸರಾಸರಿ ಅಲ್ಲ ಅಂತ ಅವರ ಕೋಡಿನಲ್ಲೇ ಇದೆ. ಸರಾಸರಿಯನ್ನು ಅವರು ಲೂಪಿನ ಹೊರಗೆ ಬರೆದಿರುತ್ತಾರೆ.

ಲೆಕ್ಕದ ಮೇಷ್ಟ್ರು

ಲೂಪಿನ ಒಳಗೆ, ಹೊರಗೆ! ಇದನ್ನು ನಾನು ಪಾಠದಲ್ಲಿ ಕದಿಯುತ್ತೇನೆ. ದೊಡ್ಡ ಎಕ್ಸ್, ಚಿಕ್ಕ ಎಕ್ಸ್ ವಿಷಯವೂ ಹಾಗೇ ಅಲ್ವಾ? ಬೋರ್ಡ್ ಮೇಲೆ ದೊಡ್ಡದು ರ‍್ಯಾಂಡಮ್ ವೇರಿಯಬಲ್, ಚಿಕ್ಕದು ಅದಕ್ಕೆ ಸಿಕ್ಕ ಒಂದು ಬೆಲೆ. ಮಕ್ಕಳ ನೋಟ್ಸಿನಲ್ಲಿ ಎರಡೂ ಒಂದೇ ಸೈಜು. ಕೋಡಿನಲ್ಲಿ ದೊಡ್ಡದು ಒಂದು ಫಂಕ್ಷನ್, ಕರೆದಾಗಲೆಲ್ಲ ಬೇರೆ ಬೆಲೆ ಕೊಡುತ್ತದೆ. ಚಿಕ್ಕದು ಒಂದು ಸಲ ಕರೆದಾಗ ಕೈಗೆ ಬಂದದ್ದು.

ಬೆನ್ನಿಗೆ ಬ್ಯಾಗ್

ಎಲ್ಲಾ ಸರಿ. ಎಐ ಕೇಳಿದರೆ ಹತ್ತು ಸೆಕೆಂಡಿನಲ್ಲಿ ಈ ಫಂಕ್ಷನ್ ಬರೆದು ಕೊಡುತ್ತೆ. ಇನ್ನೂ ಯಾಕೆ ಇಷ್ಟು ಒದ್ದಾಟ?

ಡೇಟಾ ಕೂಲಿ

ಕೊಡುತ್ತೆ. 30 ಕೊಡುವುದನ್ನು ಕೇಳಿದಿರಾ, 22.5 ಕೊಡುವುದನ್ನು ಕೇಳಿದಿರಾ? ನನ್ನ ಕಥೆ ಮೇಲಿದೆ, ಓದಿ. ನನಗೆ ಆಗ ಎಐ ಕೂಡ ಇರಲಿಲ್ಲ ತಪ್ಪು ಹೊರಿಸಲಿಕ್ಕೆ.

ಬೆನ್ನಿಗೆ ಬ್ಯಾಗ್

👍 ಓದಿದೆ. ಸರಿ ಬಿಡಿ.

ಸೊನ್ನೆ ಸುತ್ತಿದವಳು

ನಾನು ಎಂಎಸ್ಸಿ. ನನ್ನದು ಉಲ್ಟಾ ಅನುಭವ. ಸೂತ್ರ ಸರಿಯಾಗಿ ಓದಿದೆ, ಸರಿಯಾಗಿ ಬರೆದೆ, ಆದರೂ ತಪ್ಪು ಬಂತು.

ಲೈಕ್ಲಿಹುಡ್ ಅಂದರೆ ಎಲ್ಲ ಸಂಭವಗಳ ಗುಣಾಕಾರ ಅಂತ ಪುಸ್ತಕದಲ್ಲಿದೆ. ನಾಣ್ಯ ಚಿಮ್ಮಿದ ಡೇಟಾ, 1100 ಸಲ. ಪ್ರತಿ ಸಲಕ್ಕೂ 0.5. ಎಲ್ಲ ಗುಣಿಸಿದೆ. ಉತ್ತರ ಸೊನ್ನೆ. ಕಡಿಮೆ ಅಲ್ಲ, ಸಾಕ್ಷಾತ್ ಸೊನ್ನೆ. ಅಷ್ಟು ಚಿಕ್ಕ ಸಂಖ್ಯೆ ಇಡಲು ಕಂಪ್ಯೂಟರಿನಲ್ಲಿ ಜಾಗವೇ ಇಲ್ಲ. 1000 ಸಲದ ತನಕ ಹೇಗೋ ತಡೆದುಕೊಳ್ಳುತ್ತದೆ, 1075ಕ್ಕೆ ಬರುವಷ್ಟರಲ್ಲಿ ಮುಗಿಯಿತು. ಲಾಗ್ ತಗೊಂಡು ಕೂಡಿದರೆ ಏನೂ ತೊಂದರೆ ಇಲ್ಲ. ಲಾಗ್-ಲೈಕ್ಲಿಹುಡ್ ಬಂದಿರುವುದು ಡಿಫರೆನ್ಷಿಯೇಟ್ ಮಾಡಲು ಸುಲಭ ಅಂತ ಮಾತ್ರ ನಮಗೆ ಹೇಳಿದ್ದರು.

ವೇರಿಯೆನ್ಸ್‌ನಲ್ಲೂ ಇಂಥದ್ದೇ ಇದೆ. ಶಾರ್ಟ್‌ಕಟ್ ಸೂತ್ರ ಗೊತ್ತಲ್ಲ, ವರ್ಗಗಳ ಮೊತ್ತದಿಂದ ಎನ್ ಸಲ ಸರಾಸರಿಯ ವರ್ಗ ಕಳೆಯುವುದು. ಇಲ್ಲಿನ ಸಂಖ್ಯೆಗಳಿಗೆ 490 ಮೈನಸ್ 400, ಮತ್ತೆ 90. ಸರಿ. ಈಗ ನಾಲ್ಕಕ್ಕೂ 100 ಕೋಟಿ ಸೇರಿಸಿ. ದೂರಗಳು ಬದಲಾಗಲಿಲ್ಲ, ವೇರಿಯೆನ್ಸ್ 30 ಆಗಿಯೇ ಇರಬೇಕು. ಆದರೆ ವರ್ಗಗಳ ಮೊತ್ತ ಈಗ 4ರ ಮುಂದೆ 18 ಸೊನ್ನೆಯಷ್ಟು. ಅಷ್ಟು ಎತ್ತರದಲ್ಲಿ ಕಂಪ್ಯೂಟರಿಗೆ ಗೊತ್ತಿರುವ ಅಕ್ಕಪಕ್ಕದ ಸಂಖ್ಯೆಗಳ ನಡುವೆ 512ರ ಅಂತರ. ನಮ್ಮ 90 ಆ ಸಂದಿಯಲ್ಲಿ ಬಿದ್ದು ಹೋಗುತ್ತದೆ. ಸೊನ್ನೆ ಬರಬಹುದು, ಮೈನಸ್ ಕೂಡ ಬರಬಹುದು. ವೇರಿಯೆನ್ಸ್ ಮೈನಸ್!

ಕಾಗದದ ಮೇಲೆ ಎರಡು ಸೂತ್ರವೂ ಒಂದೇ. ಯಂತ್ರದಲ್ಲಿ ಅಲ್ಲ. ಇದನ್ನು ಯಾರೂ ಪಾಠದಲ್ಲಿ ಹೇಳಲಿಲ್ಲ ಅನ್ನುವುದು ನನ್ನ ಸಿಟ್ಟು.

ಹಳೇ ಲಾಗ್ ಟೇಬಲ್

ಅಮ್ಮಾ, ಆ ಶಾರ್ಟ್‌ಕಟ್ ಸಾವಿರಾರು ಮಕ್ಕಳಿಗೆ ಕಲಿಸಿದವನು ನಾನು. ಸರಾಸರಿ ದಶಾಂಶದಲ್ಲಿ ಬಂದರೆ ಪ್ರತಿ ಸಲ ಕಳೆದು ವರ್ಗ ಮಾಡುವುದು ಕೈಗೆ ಹಿಂಸೆ, ಅದಕ್ಕೆ ಆ ಸೂತ್ರ. ಕೈಗೆ ಅನುಕೂಲವಾದದ್ದು ಯಂತ್ರಕ್ಕೆ ಆಗಲಿಲ್ಲ, ಸರಿ.

ಆದರೆ ಕೈಯಲ್ಲಿ ಮಾಡುತ್ತಿದ್ದವರು ದೊಡ್ಡ ಸಂಖ್ಯೆ ಬಂದರೆ ಹಾಗೇ ವರ್ಗ ಮಾಡುತ್ತಿರಲಿಲ್ಲ. "ಅಸ್ಯೂಮ್ಡ್ ಮೀನ್" ಅಂತ ಒಂದು ಪದ್ಧತಿ ಇತ್ತು. ಒಂದು ಅಂದಾಜು ಸರಾಸರಿ ಮೊದಲೇ ಕಳೆದು, ಉಳಿದ ಚಿಕ್ಕ ಸಂಖ್ಯೆಗಳ ಮೇಲೆ ಲೆಕ್ಕ. ನಿನ್ನ ಉದಾಹರಣೆಯಲ್ಲಿ 100 ಕೋಟಿ ಮೊದಲೇ ಕಳೆದುಬಿಡು. 4, 7, 13, 16 ಉಳಿಯಿತು. ಶಾರ್ಟ್‌ಕಟ್ ಕೂಡ ಸರಿ ಉತ್ತರ ಕೊಡುತ್ತದೆ.

ಕಂಪ್ಯೂಟರ್ ಬಂದ ಮೇಲೆ ಇದು ಬೇಡ ಅಂತ ಸಿಲಬಸ್ ಕಮಿಟಿಯಲ್ಲಿ ಕೈ ಎತ್ತಿದವರಲ್ಲಿ ನಾನೂ ಒಬ್ಬ.

ಸೊನ್ನೆ ಸುತ್ತಿದವಳು

ಸರ್... ಈಗಲೇ ಮಾಡಿ ನೋಡಿದೆ. 30 ಬಂತು. ಸಿಟ್ಟು ವಾಪಸ್ 🙏

ಮೂರನೇ ಬೆಂಚು

ಟೀಚರ್ ಹೇಳಿದ ಕನ್ನಡದ ಸಾಲುಗಳನ್ನು ನಾನು ಪೈಥಾನಿನಲ್ಲಿ ಬರೆದೆ. ಗೊತ್ತಿತ್ತಾ, ಪೈಥಾನ್ 3ರಲ್ಲಿ ವೇರಿಯಬಲ್ ಹೆಸರನ್ನು ಕನ್ನಡ ಅಕ್ಷರದಲ್ಲೇ ಇಡಬಹುದು! ಸರಾಸರಿ, ದೂರ, ಮೊತ್ತ ಎಲ್ಲ ಓಡಿತು. ಆದರೆ "ಸ್ಯಾಂಪಲ್‌ಗಳು" ಅಂತ ಇಟ್ಟಾಗ ಎರರ್. ಅಕ್ಷರ ಎಲ್ಲ ಸರಿಯಾಗೇ ಇತ್ತು. ಒಂದು ಗಂಟೆ ತಲೆ ಕೆರೆದುಕೊಂಡೆ.

ಡೇಟಾ ಕೂಲಿ

ಲ್ ಮತ್ತು ಗ ಅಂಟಿಕೊಳ್ಳಬಾರದು ಅಂತ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಸೇರಿರುತ್ತದೆ. ಪೈಥಾನ್ ಅದನ್ನು ಹೆಸರಿನೊಳಗೆ ಬಿಟ್ಟುಕೊಳ್ಳುವುದಿಲ್ಲ. "ಮಾದರಿ" ಅಂತ ಇಡಿ.

ಲೆಕ್ಕದ ಮೇಷ್ಟ್ರು

ಇವತ್ತು ಲ್ಯಾಬ್ ಇತ್ತು. ಬಂದು ವರದಿ ಒಪ್ಪಿಸುತ್ತಿದ್ದೇನೆ.

ಕಂಪ್ಯೂಟರ್ ಆಫ್. ಸೊನ್ನೆ ಬಂದ ಹುಡುಗಿಯನ್ನೇ ಬೋರ್ಡ್ ಹತ್ತಿರ ಕಂಪ್ಯೂಟರ್ ಮಾಡಿದೆ. ಸಕತ್ ಹಟ ಹಿಡಿದಳು, ಬಿಡಿಸಿ ಹೇಳದೆ ಇದ್ದರೆ ಒಂದು ಹೆಜ್ಜೆಯೂ ಇಡಲ್ಲ. "ಕೂಡು" ಅಂತ ಯಾರೋ ಬೇಗ ಕೂಗಿದರು. ಅವಳು −6, −3, 3, 6 ಕೂಡಿದಳು, 0 ಬರೆದಳು, ಒಂದು ನಿಮಿಷ ಹಾಗೇ ನಿಂತಳು. ತಿರುಗಿ ನನ್ನ ಮುಖ ನೋಡಿ "ಹೋದ ಸೆಮ್‌ದು ಪ್ರೂಫ್ ಸರ್ ಇದು" ಅಂದಳು. ಆಮೇಲೆ ಮುಂದೆ ಕೂತವರಿಗೆ ಬೈದಳು, "ಮೊದಲು ವರ್ಗ ಮಾಡು ಅಂತ ಹೇಳ್ರೋ."

ಎಲ್ಲರೂ ಫಂಕ್ಷನ್ ಬರೆದರು ಅಂತ ಹೇಳಲಾರೆ. ಅರ್ಧಕ್ಕಿಂತ ಜಾಸ್ತಿ ಬರೆದರು. ಬರೆಯದವರು ಎಲ್ಲಿ ಸಿಕ್ಕಿಕೊಂಡರು ಅಂತ ಅವರ ಕನ್ನಡ ಓದಿದರೆ ಗೊತ್ತಾಗುತ್ತದೆ. ಒಬ್ಬ "ಸರಾಸರಿಯಿಂದ ಕಳೆ" ಅಂತ ಬರೆದಿದ್ದ. ವರ್ಗ ಮಾಡಿದ ಮೇಲೆ ಒಂದೇ ಬಿಡಿ ಅಂದೆ, ಆದರೆ ಯಾಕೆ ಒಂದೇ ಅಂತ ಅವನಿಂದಲೇ ಹೇಳಿಸಿದೆ.

ಉಳಿದ ತಲೆನೋವು ಒಂದೇ. ಎಕ್ಸ್‌ಟರ್ನಲ್ ಎಗ್ಸಾಮಿನರ್ ಬಂದಾಗ ಪ್ರಾಕ್ಟಿಕಲ್ ರೆಕಾರ್ಡಿನಲ್ಲಿ ನೋಡುವುದು ಉದ್ದೇಶ, ಸೂತ್ರ, ಕಮಾಂಡ್, ಔಟ್‌ಪುಟ್. ಇದಕ್ಕೆ ಜಾಗ ಎಲ್ಲಿ?

ಸಂಜೆ ಕಾಲೇಜು ಟೀಚರ್

ರೆಕಾರ್ಡಿನಲ್ಲಿ ಎಡಗಡೆ ಗೆರೆ ಇಲ್ಲದ ಖಾಲಿ ಪುಟ ಇರುತ್ತಲ್ಲ ಮೇಷ್ಟ್ರೇ. ನಾನು ಅಲ್ಲಿ ಬರೆಸುತ್ತೇನೆ, ಪೆನ್ಸಿಲಿನಲ್ಲಿ. ಈವರೆಗೆ ಯಾವ ಎಕ್ಸ್‌ಟರ್ನಲ್ಲೂ ಮಾರ್ಕ್ ಕಳೆದಿಲ್ಲ. ಒಬ್ಬರು ಮಾತ್ರ ಓದಿಕೊಂಡು ಕೂತು ಕಾಫಿ ಆರಿಸಿಕೊಂಡರು.